ಭಾವನನ್ನು ‘ಎಲ್ಲಿಗೆ’ ಅಂತ ಕೇಳಬೇಡಿ

ನಮ್ಮ ಭಾವ ಮೆಡಿಟರೇನಿಯನ್ ಸಮುದ್ರದ ದಡದ ಹನ್ನೆರಡು ಊರುಗಳನ್ನು ನೋಡಿದ್ದಾರೆ. ನೋಡಿದ್ದಾರೆ ಅಂದರೆ, ಅದರಲ್ಲಿ ಹನ್ನೊಂದು ಊರುಗಳಲ್ಲಿ ಅವರು ನೋಡಿದ್ದು ಹೋಟೆಲುಗಳ ಹಿಂಬಾಗಿಲು. ಸಮುದ್ರ, ಕೋಟೆ, ಚರ್ಚು, ಸೂರ್ಯಾಸ್ತ ಎಲ್ಲವೂ ಅವರ ಬೆನ್ನ ಹಿಂದೆ ತಮ್ಮ ಪಾಡಿಗೆ ತಾವು ನಡೆದುಹೋದವು. ಬಾರ್ಸಿಲೋನಾ ಹೇಗಿದೆ ಎಂದು ಯಾರಾದರೂ ಕೇಳಿದರೆ, "ಬಾಗಿಲು ಒಳಕ್ಕೆ ತೆಗೀತಾರೆ ಕಣ್ರೀ, ಹೊರಕ್ಕೆ ತೆಗೀಬೇಕು" ಎನ್ನುತ್ತಾರೆ. ಬೇಕಾ ನಿಮಗೆ? ಹನ್ನೆರಡನೆಯ ಊರಿನ ಸಂಗತಿ ಬೇರೆ, ಅದನ್ನು ಕೊನೆಗೆ ಹೇಳುತ್ತೇನೆ.

ತಪ್ಪು ಅವರದಲ್ಲ, ಅವರ ನೌಕರಿಯದು ಎಂದು ನಮ್ಮಕ್ಕ ವಾದಿಸುತ್ತಾಳೆ. ಭಾವ ಲಂಡನ್ನಿನ ಒಂದು ಕೌನ್ಸಿಲ್ಲಿನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ಕಟ್ಟಡಗಳ ತಪಾಸಣೆ ಮಾಡುತ್ತಿದ್ದರು. ಬೆಂಕಿ ಬಿದ್ದರೆ ಜನ ಯಾವ ಕಡೆಯಿಂದ ಓಡಬೇಕು, ಓಡುವ ದಾರಿಯಲ್ಲಿ ಯಾರು ಪೆಟ್ಟಿಗೆ ಜೋಡಿಸಿಟ್ಟಿದ್ದಾರೆ ಎಂದು ನೋಡುವುದೇ ಕೆಲಸ. ಇಪ್ಪತ್ತು ವರ್ಷ ಅದನ್ನೇ ನೋಡಿದ ಮನುಷ್ಯನಿಗೆ ಪ್ರಪಂಚವೆಲ್ಲ ಇನ್ನೇನು ಹೊತ್ತಿಕೊಳ್ಳುತ್ತದೆ ಅನ್ನಿಸಿದರೆ ಆಶ್ಚರ್ಯವೇನು? ಕಿಂಗ್ಸ್‌ಬರಿಯ ಅವರ ಮನೆಯಲ್ಲಿ ಹೊಗೆ ಕಂಡರೆ ಕೂಗುವ ಅಲಾರಂಗಳು ಏಳು ಇದ್ದವು. ಅಕ್ಕ ಒಗ್ಗರಣೆ ಹಾಕಿದರೆ ಏಳೂ ಸೇರಿ ಕೂಗುತ್ತಿದ್ದವು. ಪಕ್ಕದ ಮನೆಯ ಗುಜರಾತಿ ಅಜ್ಜಿ ಆ ಸದ್ದು ಕೇಳಿಯೇ ಇವತ್ತು ಇವರ ಮನೆಯಲ್ಲಿ ಊಟ ಎಷ್ಟು ಹೊತ್ತಿಗೆ ಎಂದು ಹೇಳುತ್ತಿದ್ದರು.

ಹೋಟೆಲಿಗೆ ಹೋದರೆ ಭಾವ ಮೊದಲು ಮಾಡುವ ಕೆಲಸ, ಮೇಜಿನ ಮೇಲಿಟ್ಟ ನೀರಿನ ಜಗ್ಗನ್ನು ವಾಪಸು ಕಳಿಸುವುದು. "ಈ ಕಡೆ ನೀರು ನಂಬಕ್ಕಾಗಲ್ಲ" ಎನ್ನುವರು. ಎರಡನೆಯ ಕೆಲಸ, ಮೆನು ನಮ್ಮ ಕೈಗೆ ಕೊಟ್ಟು ಹಿಂಬಾಗಿಲು ಹುಡುಕಿಕೊಂಡು ಅಡುಗೆಮನೆಯ ಕಡೆ ಹೋಗುವುದು. ಹತ್ತು ನಿಮಿಷ ಬಿಟ್ಟು ಕರವಸ್ತ್ರದಲ್ಲಿ ಮೀಸೆ ಒರೆಸಿಕೊಳ್ಳುತ್ತಾ ಬರುವರು. ಹೆದರಿಕೆಗೆ ಮೀಸೆ ಕೂಡ ಬೆವರುವ ಗಂಡಸನ್ನು ನಾನು ಬೇರೆಲ್ಲೂ ಕಂಡಿಲ್ಲ. ಬಾರ್ಸಿಲೋನಾದಲ್ಲಿ ಹೀಗೇ ಹೋದವರು ಇಪ್ಪತ್ತು ನಿಮಿಷವಾದರೂ ಬರಲಿಲ್ಲ. ಆಗಿದ್ದಿಷ್ಟೇ. ಹಿಂಬಾಗಿಲು ಸರಿಯಾಗಿ ಮುಚ್ಚಿಕೊಳ್ಳುತ್ತದೆಯೇ ಎಂದು ನೋಡಲು ಆಚೆ ನಿಂತು ಎಳೆದಿದ್ದಾರೆ. ಅದು ಬಹಳ ಚೆನ್ನಾಗಿ ಮುಚ್ಚಿಕೊಂಡಿದೆ. ಓಣಿ ಸುತ್ತಿ, ಎರಡು ಬೀದಿ ಬಳಸಿ, ಮುಂಬಾಗಿಲಿಗೆ ಬಂದರೆ ಅಲ್ಲಿನ ಹುಡುಗಿ ಹೊಸ ಗಿರಾಕಿ ಎಂದು ನಗುನಗುತ್ತಾ ಕೈಹಿಡಿದು ಕರೆದುಕೊಂಡು ಹೋಗಿ ಮೂಲೆಯಲ್ಲಿ ಒಬ್ಬರಿಗೆ ಹಾಕಿದ ಮೇಜಿಗೆ ಕೂರಿಸಿದ್ದಾಳೆ. ಭಾಷೆ ಬಾರದೆ, ಜಗಳ ಮಾಡಲು ನಾಚಿಕೆಯಾಗಿ, ಅಲ್ಲೇ ಕೂತು ಒಂದು ಸೂಪು ಕುಡಿದು ನಮ್ಮತ್ತ ಕೈ ಬೀಸುತ್ತಿದ್ದರು.

ಇಷ್ಟು ಪುಕ್ಕಲು ಮನುಷ್ಯ ಊರೂರು ಯಾಕೆ ಸುತ್ತಬೇಕು? ಕಿಂಗ್ಸ್‌ಬರಿಯಲ್ಲೇ ಏಳು ಅಲಾರಂಗಳ ನಡುವೆ ನೆಮ್ಮದಿಯಾಗಿ ಇರಬಹುದಿತ್ತಲ್ಲ? ಇರಬಹುದಿತ್ತು. ಕಾರಣ ನಮ್ಮಕ್ಕ.

ಅಕ್ಕ ಮದುವೆಗೆ ಮೊದಲು ಮೈಸೂರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದಳು. ಮೆಡಿಟರೇನಿಯನ್ ಸಮುದ್ರವನ್ನು ಬೋರ್ಡಿನ ಮೇಲೆ ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಬರೆಯುತ್ತಿದ್ದಳು. ಬರೆದು, ಒಂದೊಂದೇ ಊರಿಗೆ ಚುಕ್ಕಿ ಇಟ್ಟು, ಇಲ್ಲಿ ಬೇಸಿಗೆ ಒಣ, ಚಳಿಗಾಲಕ್ಕೆ ಮಳೆ ಎಂದು ಪಾಠ ಒಪ್ಪಿಸುತ್ತಿದ್ದಳು. "ನಾನೇ ನೋಡದೆ ಇರೋ ಸಮುದ್ರಾನ ಅಷ್ಟೊಂದು ಮಕ್ಕಳಿಗೆ ತೋರಿಸಿದೀನಿ ಕಣೆ, ಮೋಸ ಅಲ್ವಾ ಅದು?" ಎಂದು ನನ್ನ ಹತ್ತಿರ ಹೇಳಿ ನಗುತ್ತಿದ್ದಳು. ಲಂಡನ್ನಿಗೆ ಬಂದಳು, ವರ್ಷಗಳು ಕಳೆದವು, ಆ ಸಮುದ್ರ ಎರಡು ಗಂಟೆಯ ದಾರಿಯಲ್ಲೇ ಇತ್ತು, ಆದರೂ ಹೋಗಲಿಲ್ಲ. ಹೋಗೋಣ ಎಂದುಕೊಳ್ಳುವಷ್ಟರಲ್ಲಿ, ನಲವತ್ತೈದನೆಯ ವಯಸ್ಸಿಗೆ, ಅವಳ ಎರಡೂ ಕಿಡ್ನಿಗಳು ಕೈಕೊಟ್ಟವು.

ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ, ನಾಲ್ಕು ಗಂಟೆ ಮಿಷನ್ನು. ರಕ್ತವನ್ನೆಲ್ಲ ಹೊರಗೆ ತೆಗೆದು ತೊಳೆದು ಒಳಗೆ ಬಿಡುವ ಆ ಡಯಾಲಿಸಿಸ್ ಒಂದು ದಿನ ತಪ್ಪಿದರೂ ಮೈಯಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ನನ್ನ ಕಿಡ್ನಿ ಅವಳಿಗೆ ಹೊಂದಲಿಲ್ಲ. ಭಾವನದೂ ಹೊಂದಲಿಲ್ಲ. ಬೇರೆ ಯಾರದಾದರೂ ಸಿಗಬೇಕು, ಒಂದು ವರ್ಷವಾಗಬಹುದು, ಐದಾಗಬಹುದು ಎಂದರು ಡಾಕ್ಟರು. ಆವತ್ತು ಆಸ್ಪತ್ರೆಯಿಂದ ಬಂದು ಅಕ್ಕ ಅಡುಗೆಮನೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಲ್ಲಿ ಎಣಿಸಿದಳು. "ಶುಕ್ರವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗೆವರೆಗೆ ಅರವತ್ತೆಂಟು ಗಂಟೆ ಇದೆ ರೀ. ಹೋಗಿ ಬರಬಹುದು."

"ಎಲ್ಲಿ..." ಎಂದು ಬಾಯಿ ತೆರೆದ ಭಾವ ಅರ್ಧಕ್ಕೆ ನಿಲ್ಲಿಸಿ, "ದೂರಾನಾ?" ಎಂದರು.

"ದೂರಾನೇ" ಎಂದಳು ಅಕ್ಕ.

ಭಾವನ ಮುಖ ಬಿಳಿಚಿಕೊಂಡಿತು. ಮಾರನೆಯ ದಿನ ಮೂರು ಟಿಕೆಟ್ ತಂದರು. ಆಗಷ್ಟೇ ಅಗ್ಗದ ವಿಮಾನಗಳು ಶುರುವಾಗಿದ್ದ ಕಾಲ. ಮೂರನೆಯದು ಯಾರಿಗೆ ಎಂದು ನಮ್ಮ ಮನೆಯಿರುವ ಕ್ರೋಯ್ಡನ್ನಿನಿಂದ ಫೋನು ಮಾಡಿ ಕೇಳಿದೆ. "ನಿನಗೇ ಕಣಮ್ಮ. ಹೆದರಿಕೊಳ್ಳೋದಕ್ಕೆ ನಾನೊಬ್ಬ ಸಾಲಲ್ಲ" ಎಂದರು. ನನ್ನ ಗಂಡ ಮಕ್ಕಳನ್ನು ನೋಡಿಕೊಳ್ಳಲು ಒಪ್ಪಿದ. ಹೀಗೆ ನಾನೂ ಹೊರಟೆ, ಮತ್ತು ನಾಲ್ಕು ವರ್ಷಗಳ ಕಾಲ ಹೊರಡುತ್ತಲೇ ಇದ್ದೆ.

ಇನ್ನು ಊಟದ ವಿಷಯ. ಅಕ್ಕನಿಗೆ ಟೊಮೇಟೊ ಕೂಡದು, ಬಾಳೆಹಣ್ಣು ಕೂಡದು, ಕಿತ್ತಳೆ ಕೂಡದು. ತಿಂದರೆ ಹೃದಯಕ್ಕೆ ತೊಂದರೆ. ಉಪ್ಪು ಕೂಡದು, ಚೀಸ್ ಕೂಡದು, ಉಪ್ಪಿನಲ್ಲಿ ಹಾಕಿದ ಆಲಿವ್ ಅಂತೂ ಕೂಡದೇ ಕೂಡದು. ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ, ಎರಡು ಸಲವೂ ನೀರು ಚೆಲ್ಲಿ, ಆಮೇಲೆ ನಾಲ್ಕು ಹೋಳು ತಿನ್ನಬಹುದು. ನೀರು ದಿನಕ್ಕೆ ಮುಕ್ಕಾಲು ಲೀಟರು, ಅದರಲ್ಲೇ ಕಾಫಿ, ಸಾರು, ಮಜ್ಜಿಗೆ, ಮಾತ್ರೆ ನುಂಗುವ ನೀರು ಎಲ್ಲ. ಈಗ ನೀವೇ ಹೇಳಿ, ಆ ಸಮುದ್ರದ ದಡದ ಹೋಟೆಲುಗಳಲ್ಲಿ ಟೊಮೇಟೊ, ಆಲಿವ್, ಉಪ್ಪು ಚೀಸ್ ಬಿಟ್ಟು ಇನ್ನೇನು ಕೊಡುತ್ತಾರೆ?

ಅದಕ್ಕೂ ಭಾವ ಒಂದು ಉಪಾಯ ಮಾಡಿದರು. ಅಥೆನ್ಸಿಗೆ ಹೋಗುವ ಮೊದಲು ರೇನರ್ಸ್ ಲೇನಿನ ಒಂದು ತರಕಾರಿ ಅಂಗಡಿಯ ಸೈಪ್ರಸ್ ಮುದುಕನ ಹತ್ತಿರ ಈ ಪಟ್ಟಿಯನ್ನೆಲ್ಲ ಗ್ರೀಕ್ ಭಾಷೆಯಲ್ಲಿ ಒಂದು ರಟ್ಟಿನ ಮೇಲೆ ಬರೆಸಿಕೊಂಡರು. ಅಕ್ಷರ ಅರ್ಥವಾಗದಿದ್ದರೆ ಎಂಬ ಹೆದರಿಕೆಗೆ ಅಕ್ಕನ ಕೈಯಲ್ಲಿ ಟೊಮೇಟೊ, ಬಾಳೆಹಣ್ಣುಗಳ ಚಿತ್ರ ಬರೆಸಿ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಹೊಡೆಸಿದರು. ಅಥೆನ್ಸಿನ ಆ ಹೋಟೆಲಿನ ಯಜಮಾನ ರಟ್ಟನ್ನು ನಿಧಾನವಾಗಿ ಓದಿದ. ಮತ್ತೊಂದು ಸಲ ಓದಿದ. ಕನ್ನಡಕ ತೆಗೆದು ಭಾವನನ್ನು ನೋಡಿ ಇಂಗ್ಲಿಷಿನಲ್ಲಿ ಕೇಳಿದ, "ಹಾಗಾದರೆ ಗ್ರೀಸಿಗೆ ಯಾಕೆ ಬಂದಿರಿ?"

ಪಾಪ, ಒಳ್ಳೆಯವನು. ಅಕ್ಕ ತೋಳಿನಲ್ಲಿ ಡಯಾಲಿಸಿಸ್ ಸೂಜಿ ಚುಚ್ಚಿದ ಜಾಗದ ಪಟ್ಟಿ ತೋರಿಸಿದ ಮೇಲೆ ತಾನೇ ಒಳಗೆ ಹೋಗಿ ಆಲೂಗಡ್ಡೆಯನ್ನು ಎರಡು ಸಲ ಬೇಯಿಸಿ, ನಿಂಬೆರಸ ಹಿಂಡಿ, ಯಾವುದೋ ಒಣಸೊಪ್ಪು ಉದುರಿಸಿ, ಎರಡು ಕೈಯಲ್ಲಿ ಹಿಡಿದುಕೊಂಡು ಬಂದು ಅಕ್ಕನ ಮುಂದಿಟ್ಟ. ನಾಲ್ಕು ಹೋಳು. ಅಕ್ಕ ಅವನ್ನು ಅರ್ಧ ಗಂಟೆ ತಿಂದಳು. ಅಷ್ಟರಲ್ಲಿ ಭಾವ ಅವನ ಅಡುಗೆಮನೆಗೆ ನುಗ್ಗಿ, ಗ್ಯಾಸಿನ ಸಿಲಿಂಡರು ಒಲೆಗೆ ಹತ್ತಿರವಾಯಿತೆಂದು ಅವನ ಕೈಯಲ್ಲೇ ಎರಡು ಮಾರು ದೂರ ಎತ್ತಿಡಿಸಿ, ಮೀಸೆ ಒರೆಸಿಕೊಂಡು ಬಂದಿದ್ದರು.

ಇಷ್ಟೇ ಆಗಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ನನ್ನ ನಿದ್ದೆ ಕೆಡಿಸಿದ್ದು ‘ಎಲ್ಲಿಗೆ’.

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು ತಾನೆ? ಕೇಳಲೇಬೇಕೆಂದರೆ "ದೂರ ಹೊರಟ್ರಾ" ಎನ್ನಬೇಕು. ಬಾಯಿತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವರು ಹಿಂದಿರುಗಿ, ಒಂದು ಗಳಿಗೆ ಕೂತು, ನೀರು ಕುಡಿದು, ಮತ್ತೆ ಹೊರಡಬೇಕು. ಊರಿನಲ್ಲಿ ನಮ್ಮಜ್ಜಿ ಇದನ್ನು ಮಾಡುತ್ತಿದ್ದರು, ಸರಿ. ಲಂಡನ್ನಿನಲ್ಲಿ ಹೊರಟವರನ್ನು ಎಲ್ಲಿಗೆ ಎಂದು ಕೇಳದವರು ಯಾರಿದ್ದಾರೆ? ಟ್ಯಾಕ್ಸಿಯವನು ಕೇಳುತ್ತಾನೆ. ಕೇಳದೆ ಅವನು ಕರೆದುಕೊಂಡು ಹೋಗುವುದಾದರೂ ಎಲ್ಲಿಗೆ? ಟಿಕೆಟ್ ಕೊಡುವವನು ಕೇಳುತ್ತಾನೆ. ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿಗೆ ಸಂಬಳ ಕೊಡುವುದೇ ಅದನ್ನು ಕೇಳಲಿಕ್ಕೆ.

ಮೊದಲ ಪ್ರಯಾಣದಲ್ಲೇ ಶುರುವಾಯಿತು. ಗ್ಯಾಟ್ವಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಾಲಿನಲ್ಲಿ ನಿಂತು ಕೌಂಟರಿಗೆ ಬಂದರೆ ಹುಡುಗಿ ಸಹಜವಾಗಿ, "ಇವತ್ತು ಎಲ್ಲಿಗೆ ಹೊರಟಿದ್ದೀರಿ?" ಎಂದಳು. ಭಾವ ಪಾಸ್‌ಪೋರ್ಟುಗಳನ್ನು ವಾಪಸು ತೆಗೆದುಕೊಂಡು, ನಮ್ಮಿಬ್ಬರನ್ನೂ ಸಾಲಿನಿಂದ ಈಚೆಗೆ ಎಳೆದು, ಅಕ್ಕನನ್ನು ಸೂಟ್‌ಕೇಸಿನ ಮೇಲೆ ಕೂರಿಸಿದರು. ಚೀಲದಿಂದ ಒಂದು ಪುಟ್ಟ ಸ್ಟೀಲಿನ ಲೋಟ ಬಂತು. ಒಂದು ಸಣ್ಣ ಬಾಟಲಿ ಬಂತು. "ಕೇಳಿಬಿಟ್ಟಳು ಕಣೆ. ಕುಡಿ" ಎಂದು ಅಕ್ಕನ ಕೈಗೆ ಮೂರು ಗುಟುಕು ನೀರು ಕೊಟ್ಟರು. ಮತ್ತೆ ಸಾಲಿನ ಬಾಲಕ್ಕೆ ಹೋಗಿ ನಿಂತೆವು. ಮುಕ್ಕಾಲು ಗಂಟೆ ಬಿಟ್ಟು ಅದೇ ಹುಡುಗಿ, ಅದೇ ನಗು, ಅದೇ ಪ್ರಶ್ನೆ. ಮತ್ತೆ ಸೂಟ್‌ಕೇಸು, ಮತ್ತೆ ಲೋಟ. ಮೂರನೆಯ ಸಲ ಅವಳು ಬಾಯಿ ತೆರೆಯುವ ಮೊದಲೇ ನಾನು "ಬಾರ್ಸಿಲೋನಾ!" ಎಂದು ಇಡೀ ನಿಲ್ದಾಣಕ್ಕೆ ಕೇಳುವ ಹಾಗೆ ಕೂಗಿದೆ. ಪೊಲೀಸರೊಬ್ಬರು ತಿರುಗಿ ನೋಡಿದರು.

ವಿಮಾನ ತಪ್ಪುವುದು ಒಂದು ಚಿಂತೆಯಾದರೆ ನನಗೆ ನಿಜವಾದ ಚಿಂತೆ ಆ ನೀರು. ಅಕ್ಕನಿಗೆ ಪ್ರತಿ ಗುಟುಕೂ ಅಳತೆ. ಬೆಳಿಗ್ಗೆ ಎದ್ದು ಭಾವನೇ ಗೆರೆ ಹಾಕಿದ ಗ್ಲಾಸಿನಲ್ಲಿ ಅಳೆದು ಅವಳ ಬಾಟಲಿಗೆ ತುಂಬಿಸಿ ಕೊಡುತ್ತಿದ್ದರು. ಉಪ್ಪಿನ ಹರಳು ಎಣಿಸುವ ಮನುಷ್ಯ ಹೀಗೆ ಕಂಡಕಂಡವರು ಕೇಳಿದರೆಂದು ನೀರು ಕುಡಿಸಿದರೆ? ಒಂದು ದಿನಕ್ಕೆ ಐದು ಸಲ ಕೇಳಿಸಿಕೊಂಡರೆ ಹದಿನೈದು ಗುಟುಕು. ಶನಿವಾರ, ಭಾನುವಾರ ಎರಡೂ ಸೇರಿದರೆ? ನಾನು ರಾತ್ರಿ ಮಲಗಿ ಇದನ್ನೇ ಕೂಡಿಸುತ್ತಿದ್ದೆ.

"ಭಾವ, ಅವಳಿಗೆ ನೀರು ವಿಷ ಇದ್ದ ಹಾಗೆ ಅಂತ ಡಾಕ್ಟರು ಹೇಳಿದಾರೆ. ನಿಮ್ಮದೇನಿದು?"

"ಶಾಸ್ತ್ರದ ನೀರು ಲೆಕ್ಕಕ್ಕೆ ಬರಲ್ಲಮ್ಮ."

"ಹಾಗಂತ ಡಾಕ್ಟರಿಗೆ ಹೇಳಿ ನೋಡೋಣ."

"ಡಾಕ್ಟರು ನಮ್ಮ ಕಡೆಯವರಲ್ಲ. ಅವರಿಗೆಲ್ಲಿ ತಿಳಿಯುತ್ತೆ."

ಅಕ್ಕನಾದರೂ ಬೇಡ ಅನ್ನಬಾರದೇ? ಅವಳು ಒಂದು ದಿನವೂ ಬೇಡ ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡು ಮೂರೂ ಗುಟುಕು ಕುಡಿದು, ಲೋಟವನ್ನು ತಲೆಕೆಳಗು ಮಾಡಿ ಕೊನೆಯ ಹನಿಯನ್ನು ನಾಲಿಗೆಗೆ ಬಿಟ್ಟುಕೊಂಡು, "ಸರಿ, ಇನ್ನು ಹೊರಡೋಣ" ಎನ್ನುವಳು. ಗಂಡ ಹೆಂಡತಿ ಇಬ್ಬರಿಗೂ ತಲೆ ಕೆಟ್ಟಿದೆ, ಸೋಮವಾರ ಆಸ್ಪತ್ರೆಗೆ ಒಯ್ಯಬೇಕಾದವಳು ನಾನೊಬ್ಬಳೇ ಎಂದು ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ಅದೂ ಸಾಲದೆಂದು, ಒಂದೆರಡು ಪ್ರಯಾಣವಾದ ಮೇಲೆ ನನಗೆ ಇನ್ನೊಂದು ಅನುಮಾನ ಬಂತು. ಭಾವ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುತ್ತಿರಲಿಲ್ಲ, ಹುಡುಕಿಕೊಂಡು ಹೋಗುತ್ತಿದ್ದರು! ಮಾರ್ಸೇಲ್ಸ್‌ನಲ್ಲಿ ಬಂದರು ಕಣ್ಣೆದುರಿಗೇ ಕಾಣುತ್ತಿತ್ತು, ಜೇಬಿನಲ್ಲಿ ನಕ್ಷೆ ಇತ್ತು, ಪಕ್ಕದಲ್ಲಿ ಭೂಗೋಳದ ಮೇಡಮ್ಮೇ ಇದ್ದಳು. ಆದರೂ ರಸ್ತೆ ದಾಟಿ ಒಬ್ಬ ಪೊಲೀಸನ ಹತ್ತಿರ ಹೋಗಿ ದಾರಿ ಕೇಳಿದರು. ಅವನು ಎಲ್ಲಿಗೆ ಹೋಗಬೇಕು ಎಂದು ಕೇಳದೆ ಇನ್ನೇನು ಮಾಡುತ್ತಾನೆ? ಸುಡುಬಿಸಿಲಿನಲ್ಲಿ ಒಂದು ಬ್ಯಾಂಕಿನ ಮೆಟ್ಟಿಲ ಮೇಲೆ ಕೂತೆವು. ಲೋಟ ಬಂತು. ನಾನು ಆವತ್ತು ಸಂಜೆಯವರೆಗೆ ಭಾವನ ಜೊತೆ ಮಾತು ಬಿಟ್ಟಿದ್ದೆ, ಅವರಿಗೆ ಅದು ಗೊತ್ತೂ ಆಗಲಿಲ್ಲ.

ನೇಪಲ್ಸ್ ನಮ್ಮ ಹನ್ನೊಂದನೆಯ ಊರು. ಶನಿವಾರವೆಲ್ಲ ಚೆನ್ನಾಗಿ ಕಳೆಯಿತು. ವಿಸೂವಿಯಸ್ ಬೆಟ್ಟ ನೋಡಿ ಅಕ್ಕ ಒಂದು ಪೂರ್ತಿ ಪೀರಿಯಡ್ಡಿನ ಪಾಠ ಮಾಡಿದಳು. ಟೊಮೇಟೊ ಇಲ್ಲದ, ಚೀಸ್ ಇಲ್ಲದ, ಉಪ್ಪಿಲ್ಲದ ಪಿಜ್ಜಾ ಬೇಕೆಂದು ಭಾವ ಇಟಾಲಿಯನ್ನಿನಲ್ಲಿ ಬರೆಸಿದ ರಟ್ಟು ತೋರಿಸಿದಾಗ ಅಡುಗೆಯವನು ಅಳುವುದೊಂದು ಬಾಕಿ. ಭಾನುವಾರ ಸಂಜೆ ನಿಲ್ದಾಣಕ್ಕೆ ಹೋದರೆ ನೌಕರರ ಮುಷ್ಕರ. ನಮ್ಮ ವಿಮಾನ ಇಲ್ಲ. ಸೋಮವಾರ ಸಂಜೆಗೆ ಮುಂಚೆ ಯಾವ ವಿಮಾನದಲ್ಲೂ ಜಾಗವಿಲ್ಲ.

ಆಸ್ಪತ್ರೆಗೆ ನಾನೇ ಫೋನು ಮಾಡಿದೆ. ನರ್ಸಮ್ಮ ಸಮಾಧಾನವಾಗಿಯೇ ಹೇಳಿದಳು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಜಾಗ ಮಾಡಿಕೊಡುತ್ತೇವೆ, ಅಲ್ಲಿಯವರೆಗೆ ನೀರು ಅರ್ಧಕ್ಕೆ ಇಳಿಸಿ, ತಿನ್ನುವುದರಲ್ಲಿ ಎಚ್ಚರ, ಉಸಿರಾಟ ಕಷ್ಟವಾದರೆ ಅಲ್ಲೇ ಆಸ್ಪತ್ರೆಗೆ ಸೇರಿಸಿ. ಕೊನೆಯ ಮಾತನ್ನು ನಾನು ಭಾವನಿಗೆ ಹೇಳಲಿಲ್ಲ. ಅವರು ನನ್ನ ಮುಖ ನೋಡಿಯೇ ತಿಳಿದುಕೊಂಡರು.

ಸೋಮವಾರ ಬೆಳಿಗ್ಗೆ ಅಕ್ಕನ ಕಾಲು ಊದಿ ಚಪ್ಪಲಿಗೆ ಹಿಡಿಸಲಿಲ್ಲ. ಭಾವನ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು ಬಂದಳು. ರೆಪ್ಪೆ ದಪ್ಪಗಾಗಿತ್ತು. ಪಕ್ಕದ ಹೋಟೆಲಿನಲ್ಲಿ ಕೂತೆವು. ಭಾವ ಜಗ್ಗನ್ನು ವಾಪಸು ಕಳಿಸಿದರು, ಆದರೆ ಹಿಂಬಾಗಿಲು ನೋಡಲು ಏಳಲಿಲ್ಲ. ನಾನು ಕಾದೆ. ಅವರು ಬಾಗಿಲಿಗೆ ಬೆನ್ನು ಹಾಕಿ ಕೂತು ಅಕ್ಕನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು. ಆ ಹೋಟೆಲಿಗೆ ಬೆಂಕಿ ಬಿದ್ದಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

ಸಂಜೆ ನಿಲ್ದಾಣದ ಕೌಂಟರಿನಲ್ಲಿ ಹೆಂಗಸು ಕೇಳಿದಳು, ಎಲ್ಲಿಗೆ?

"ಲಂಡನ್" ಎಂದು ಹೇಳಿ ಭಾವ ಮುಂದೆ ನಡೆದರು.

ಅಕ್ಕ ಅವರ ತೋಳು ಹಿಡಿದಳು. "ರೀ, ಕೇಳಿದ್ರು."

"ವಾಪಸ್ ಮನೆಗೆ ಹೋಗೋರಿಗೆ ಅದು ಬರಲ್ಲ ಕಣೆ" ಎಂದರು ಭಾವ, ಅವಳ ಮುಖ ನೋಡದೆ.

ಅಕ್ಕ ಒಣಗಿದ ತುಟಿಯ ಮೇಲೆ ನಾಲಿಗೆ ಆಡಿಸಿಕೊಂಡು ಅವರ ತೋಳು ಬಿಟ್ಟಳು. ನನಗೆ ಆಗ ನಿಜವಾಗಿ ಭಯವಾಯಿತು. ನಾಲ್ಕು ವರ್ಷದಿಂದ ಈ ಹುಚ್ಚು ನಿಲ್ಲಲಿ ಎಂದು ಬಯಸಿದವಳು ನಾನೇ, ನಿಂತಾಗ ಬೆಚ್ಚಿದವಳೂ ನಾನೇ. ಅಕ್ಕ ಕುರ್ಚಿಯಲ್ಲಿ ಹಾಗೇ ನಿದ್ದೆ ಹೋದ ಮೇಲೆ ಭಾವನ ಚೀಲ ಎಳೆದುಕೊಂಡೆ. ಇರುವ ನೀರನ್ನು ಇನ್ನು ಮುಂದೆ ನಾನೇ ಅಳೆಯುವುದೆಂದು ನಿಶ್ಚಯಿಸಿದ್ದೆ. ಚೀಲದಲ್ಲಿ ಆ ಸಣ್ಣ ಬಾಟಲಿ ಸಿಕ್ಕಿತು. ಅದರ ಮೇಲೂ ಗೆರೆಗಳಿದ್ದವು. ಪ್ರತಿ ಗೆರೆಯ ಪಕ್ಕದಲ್ಲಿ ಭಾವನ ಕೌನ್ಸಿಲ್ ಕೈಬರಹದಲ್ಲಿ ಅಂಕಿ.

"ಏನಿದು ಭಾವ?"

ಅವರು ಅಕ್ಕನ ಕಡೆ ನೋಡಿ ದನಿ ತಗ್ಗಿಸಿದರು. "ಅವಳ ನೀರೇ ಕಣಮ್ಮ. ಬೆಳಿಗ್ಗೆ ಮುಕ್ಕಾಲು ಲೀಟರು ಅಳೆದು ಅದರಲ್ಲಿ ಇಷ್ಟು ಇದಕ್ಕೆ ಎತ್ತಿಟ್ಟುಕೊಳ್ತೀನಿ. ಅವಳಿಗೆ ಉಳಿದಿದ್ದು ಕೊಟ್ಟು ಇಷ್ಟೇ ಇರೋದು ಅಂತೀನಿ. ಒಂದು ಹನಿ ಜಾಸ್ತಿ ಕೊಟ್ಟಿಲ್ಲ ಇವತ್ತಿನವರೆಗೆ."

"ಹಾಗಾದ್ರೆ ಆ ಶಾಸ್ತ್ರ?"

"ನನಗೆಲ್ಲಿ ನಂಬಿಕೆ ಇದೆಯಮ್ಮ ಅದರಲ್ಲೆಲ್ಲ. ಅವಳು ನೀರು ಕುಡಿಯೋದು ನೋಡಿದೀಯಾ? ಗುಟುಕು ಗುಟುಕಿಗೂ ಲೆಕ್ಕ. ಸಂಜೆಗೆ ಉಳಿಯುತ್ತೋ ಇಲ್ಲವೋ ಅಂತ ಅರ್ಧ ಬಾಯಿ ಕುಡಿದು ಮುಚ್ಚಳ ಹಾಕ್ತಾಳೆ. ಇದೊಂದು ಮಾತ್ರ ಲೆಕ್ಕಕ್ಕಿಲ್ಲ ಅಂತ ಹೇಳಿದೀನಿ. ಇದನ್ನ ಮಾತ್ರ ಹೆದರದೆ ಕುಡೀತಾಳೆ." ಬಾಟಲಿಯ ಗೆರೆಗಳನ್ನು ನೋಡುತ್ತಾ, "ಇವತ್ತು ಅದೂ ಅರ್ಧ ಮಾಡಬೇಕಾಯ್ತು. ಯಾವಾಗ ಕೊಡೋದು ಅಂತ ತೋಚಲಿಲ್ಲ" ಎಂದರು.

ನಾಲ್ಕು ವರ್ಷ ಈ ಮನುಷ್ಯನನ್ನು ಬೈದ ಬೈಗಳೆಲ್ಲ ನನಗೆ ಆ ನಿಲ್ದಾಣದಲ್ಲಿ ಒಂದೊಂದಾಗಿ ನೆನಪಾದವು. ನಾಚಿಕೆಯಾಯಿತು. ಬಾಟಲಿಯನ್ನು ಚೀಲದೊಳಗೆ ಹೇಗಿತ್ತೋ ಹಾಗೇ ಇಟ್ಟೆ.

ಗ್ಯಾಟ್ವಿಕ್ಕಿನಲ್ಲಿ ಇಳಿದಾಗ ಅಕ್ಕ ಏದುಸಿರು ಬಿಡುತ್ತಿದ್ದಳು, ಆದರೆ ನಡೆಯುತ್ತಿದ್ದಳು. ಟ್ಯಾಕ್ಸಿಯವನು ಕಿಟಕಿ ಇಳಿಸಿ, "ವೇರ್ ಟು, ಲವ್?" ಎಂದ. ಭಾವ ನನ್ನ ಕಡೆ ನೋಡಿದರು. "ಕೇಳಿಬಿಟ್ಟ ಭಾವ" ಎಂದು ನಾನೇ ಸೂಟ್‌ಕೇಸನ್ನು ಫುಟ್‌ಪಾತಿನ ಮೇಲೆ ಅಡ್ಡ ಮಲಗಿಸಿ ಅಕ್ಕನನ್ನು ಕೂರಿಸಿದೆ. ಆ ದಿನದ ಅರ್ಧ ಪಾಲಿನಲ್ಲೂ ಭಾವ ಮೂರು ಗುಟುಕು ಉಳಿಸಿದ್ದರು. ಅಕ್ಕ ಕಣ್ಣು ಮುಚ್ಚಿಕೊಂಡು ಕುಡಿದಳು. ಮಂಗಳವಾರ ಬೆಳಿಗ್ಗೆ ಏಳಕ್ಕೆ ಅವಳನ್ನು ಮಿಷನ್ನಿಗೆ ಹಾಕಿದರು, ಮಧ್ಯಾಹ್ನದ ಹೊತ್ತಿಗೆ ಕಾಲಿನ ಊತ ಇಳಿದು ಅವಳ ಚಪ್ಪಲಿ ಅವಳಿಗೆ ಹಿಡಿಸಿತು.

ಅದಾದ ಮೇಲೆ ಅವರು ಎಲ್ಲಿಗೂ ಹೋಗಲಿಲ್ಲ. ಭಾವ ಕ್ಯಾಲೆಂಡರು ನೋಡುವುದನ್ನೇ ಬಿಟ್ಟರು, ಅಕ್ಕ ಕೇಳುವುದನ್ನು ಬಿಟ್ಟಳು. ಒಂದೂವರೆ ವರ್ಷದ ನಂತರ, ಒಂದು ಗುರುವಾರ ಬೆಳಿಗ್ಗೆ ಒಗ್ಗರಣೆಗೆ ಏಳು ಅಲಾರಂಗಳೂ ಕೂಗುತ್ತಿದ್ದಾಗ ಆಸ್ಪತ್ರೆಯ ಫೋನು ಬಂತು. ಅಕ್ಕನಿಗೆ ಕಿಡ್ನಿ ಸಿಕ್ಕಿತು. ಹೆಸರೂ ಗೊತ್ತಿಲ್ಲದ ಆ ಪುಣ್ಯಾತ್ಮರಿಗೆ ನಮ್ಮಮ್ಮ ಮೈಸೂರಿನಲ್ಲಿ ಇವತ್ತಿಗೂ ದಿನಾ ದೀಪ ಹಚ್ಚುತ್ತಾಳೆ.

ಈಗ ಡಾಕ್ಟರು ಹೇಳಿದ್ದು ತಿರುವುಮುರುವು. ದಿನಕ್ಕೆ ಮೂರು ಲೀಟರು ನೀರು ಕುಡಿಯಲೇಬೇಕು. ಭಾವನಿಗೆ ಹೊಸ ಹೆದರಿಕೆ ಸಿಕ್ಕಿತು. ಜಗ್ಗು ಹಿಡಿದು ಅಕ್ಕನ ಹಿಂದೆ ಮೆಟ್ಟಿಲು ಹತ್ತುವುದು, ಇಳಿಯುವುದು. "ಇನ್ನೊಂದು ಲೋಟ ಕಣೆ." "ಸಾಕು ಬಿಡ್ರೀ, ಹೊಟ್ಟೆ ಕುಲುಕುತ್ತೆ." ಆರು ತಿಂಗಳು ಕಳೆದ ಮೇಲೆ ಅಕ್ಕ ಮತ್ತೆ ಕ್ಯಾಲೆಂಡರಿನ ಮುಂದೆ ನಿಂತಳು. ಈ ಸಲ ಗಂಟೆ ಎಣಿಸಲಿಲ್ಲ. ಮಾಲ್ಟಾ ದ್ವೀಪದ ವಲೆಟ್ಟಾ, ಎಂಟು ದಿನ, ನಾನೂ ಸೇರಿ.

ಕಿಂಗ್ಸ್‌ಬರಿಯ ಮನೆ ಮುಂದೆ ಟ್ಯಾಕ್ಸಿಯವನು ಅದನ್ನೇ ಕೇಳಿದ. ಭಾವ ಸರಾಗವಾಗಿ ಏರ್‌ಪೋರ್ಟ್ ಎಂದು ಹೇಳಿ ಹತ್ತಿ ಕೂತರು. ಅಕ್ಕ ಹತ್ತಲಿಲ್ಲ. ಮನೆಯ ಮೆಟ್ಟಿಲ ಮೇಲೆ ಹೋಗಿ ಕೂತು ಕೈ ಚಾಚಿದಳು. "ಕೇಳಿದ್ರಲ್ಲ ರೀ. ಲೋಟ ಎಲ್ಲಿ?"

"ಈಗ ಜಗ್ಗುಗಟ್ಟಲೆ ಕುಡೀತೀಯಲ್ಲೆ, ಇನ್ನು ಯಾತಕ್ಕೆ ಅದು?"

"ಆಗಲೂ ಯಾತಕ್ಕೆ ಅಂತ ಗೊತ್ತಿತ್ತು" ಎಂದಳು ಅಕ್ಕ. "ವಾರಕ್ಕೆ ಮೂರು ಸಲ ತಕ್ಕಡಿ ಮೇಲೆ ನಿಲ್ಲಿಸ್ತಿದ್ರು ನನ್ನ. ಶಾಸ್ತ್ರದ ನೀರಿಗೆ ಒಂದು ದಿನವೂ ತೂಕ ಏರಲಿಲ್ಲ. ಭೂಗೋಳ ಓದಿದೀನಿ ನಾನು, ಗಣಿತವನ್ನೂ ಓದಿದೀನಿ."

ಭಾವ ಇಳಿದು, ಅಡುಗೆಮನೆಗೆ ಹೋಗಿ, ಆ ಪುಟ್ಟ ಲೋಟವನ್ನೇ ತಂದು ಮೂರು ಗುಟುಕು ಕೊಟ್ಟರು.

ವಲೆಟ್ಟಾದಲ್ಲಿ ಮೊದಲ ದಿನ ಬಂದರಿನ ಎದುರಿಗಿನ ಹೋಟೆಲಿನಲ್ಲಿ ಕೂತೆವು. ಹುಡುಗ ನೀರಿನ ಜಗ್ಗು ತಂದಿಟ್ಟ. ಭಾವ ಅಭ್ಯಾಸಬಲದಿಂದ ಮೆನು ನನ್ನ ಕೈಗೆ ಕೊಟ್ಟು, "ಹಿಂಬಾಗಿಲು ಒಂದು ನೋಡಿಬಿಡ್ತೀನಿ" ಎಂದು ಎದ್ದರು. ಅಕ್ಕ ಅವರ ಅಂಗಿಯ ತುದಿ ಹಿಡಿದು ಕೂರಿಸಿದಳು. ಒಂದು ದೊಡ್ಡ ಗ್ಲಾಸಿಗೆ ತುಂಬ ನೀರು ಬಗ್ಗಿಸಿ ಅವರ ಮುಂದಿಟ್ಟಳು.

"ಇಲ್ಲೇ ಕುಡೀರಿ."

"ನನಗೆ ಬಾಯಾರಿಕೆ ಇಲ್ಲ ಕಣೆ."

"ಹನ್ನೊಂದು ಊರಲ್ಲೂ ನನ್ನೆದುರಿಗೆ ನೀವು ಒಂದು ಗುಟುಕು ನೀರು ಕುಡೀಲಿಲ್ಲ" ಎಂದಳು ಅಕ್ಕ. "ಹಿಂಬಾಗಿಲು ನೋಡಿ ಬಂದಾಗೆಲ್ಲ ಮೀಸೆ ಒದ್ದೆ ಇರ್ತಿತ್ತು ರೀ."

ಭಾವ ಗ್ಲಾಸನ್ನು ಎರಡು ಕೈಯಲ್ಲಿ ಹಿಡಿದು, ಅಕ್ಕ ನೋಡುತ್ತಿದ್ದ ಹಾಗೆ, ಪೂರ್ತಿ ಕುಡಿದು ಕೆಳಗಿಟ್ಟರು. ಕರವಸ್ತ್ರ ಜೇಬಿನಲ್ಲೇ ಇತ್ತು. ಮೀಸೆ ಒರೆಸಿಕೊಳ್ಳಲಿಲ್ಲ.